ಬಂದರಿಗೆ ಐದು ಭಾಗ
1941ರ ಮಾರ್ಚಿನಲ್ಲಿ ಜಪಾನ್ ನೌಕಾಪಡೆಯ ಗೂಢಚಾರ ತಾಕೆಓ ಯೋಶಿಕಾವಾ ಹೊನೊಲುಲುಗೆ ಬಂದಿಳಿದ. ಸುಳ್ಳು ಹೆಸರು ಮೊರಿಮುರಾ, ಕೆಲಸ ಜಪಾನಿನ ಕಾನ್ಸುಲೇಟಿನಲ್ಲಿ. ಬೀಗ ಒಡೆಯಲಿಲ್ಲ, ಕಡತ ಕದಿಯಲಿಲ್ಲ. ಗುಡ್ಡದ ಮೇಲಿನ ಜಪಾನಿ ಟೀ ಹೌಸ್‌ನ ದುರ್ಬೀನಿನಲ್ಲಿ, ಆ ಡಿಸೆಂಬರಿನಲ್ಲಿ ಜಪಾನ್ ದಾಳಿ ಮಾಡಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ನೋಡುತ್ತಾ, ಯಾವ ಹಡಗು ಯಾವಾಗ ಹೊರಟಿತು, ಯಾವಾಗ ಮರಳಿತು ಅಂತ ನೆನಪಿನಲ್ಲೇ ಇಟ್ಟುಕೊಂಡ. ವಾರಗಟ್ಟಲೆ ತಾಳೆ ಹಾಕಿದ ಮೇಲೆ ಭಾನುವಾರ ಬಂದರು ತುಂಬಿರುತ್ತದೆ ಅನ್ನೋದು ಸ್ಪಷ್ಟವಾಯ್ತು. ಇಂಥ ತಾಳ್ಮೆಯೇ ನನಗೆ ಭಯ ಹುಟ್ಟಿಸೋದು.

ಸೆಪ್ಟೆಂಬರ್ 24ಕ್ಕೆ ಟೋಕಿಯೋದ ಆದೇಶ: ಬಂದರನ್ನು ಐದು ಭಾಗ ಮಾಡಿ, ಯಾವ ಭಾಗದಲ್ಲಿ ಯಾವ ಹಡಗು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆಯೇ, ತಿಳಿಸಿ. ಹಾಗೆ ನಿಂತರೆ ಒಳಬದಿಯ ಹಡಗಿಗೆ ನೀರಿನಡಿ ಸಾಗುವ ಟಾರ್ಪಿಡೊ ತಾಗದು, ಬಾಂಬೇ ಬೇಕು. ಆ ಸಂದೇಶವನ್ನು ಅಮೆರಿಕ ಅಕ್ಟೋಬರಿನಲ್ಲೇ ಬಿಡಿಸಿ ಓದಿತ್ತು. ಹವಾಯಿಯ ಕಮಾಂಡರುಗಳಿಗೆ ಮಾತ್ರ ತಲುಪಿಸಲಿಲ್ಲ.