ಅಮ್ಮನ ಉಡಿ, ದೊಡ್ಡಮ್ಮನ ಪ್ರಶ್ನೆ

29 ಮಾರ್ಚ್ 2024, ಶುಕ್ರವಾರ
ಶಿರಸಿ

ಬುಧವಾರಕ್ಕೆ ಮಾರಿಕಾಂಬೆಯ ಜಾತ್ರೆ ಮುಗಿಯಿತು. ಜಾತ್ರೆ ನಡೆಯುವ ಬಿಡಕಿಬಯಲಿನಲ್ಲಿ ಚಪ್ಪರದ ಗಳು ಬಿಚ್ಚುವ ಸದ್ದು ಇಂದು ಸಂಜೆಯವರೆಗೂ ಕೇಳುತ್ತಲೇ ಇತ್ತು. ಬಳೆ ಅಂಗಡಿಯವರು ಉಳಿದ ಬಳೆಗಳನ್ನು ಡಜನ್ನಿಗೆ ಇಷ್ಟು ಎಂದು ಕೂಗಿ ಕೂಗಿ ಮಾರಿ, ಕೊನೆಗೆ ಬೇಸತ್ತು ಡಬ್ಬಿಗೆ ತುಂಬುತ್ತಿದ್ದರು. ದೊಡ್ಡ ತೊಟ್ಟಿಲನ್ನು ಬಿಡಿಬಿಡಿಯಾಗಿಸಿ ಲಾರಿಗೆ ಏರಿಸಿಯಾಗಿದೆ. ಊರಿನ ಅರ್ಧ ಜನಕ್ಕೆ ಧೂಳಿನಿಂದ ಗಂಟಲು ಕಟ್ಟಿದೆ. ಉಳಿದರ್ಧಕ್ಕೆ ಮನೆಗೆ ಬಂದ ನೆಂಟರನ್ನು ಉಪಚರಿಸಿ ಸೊಂಟ ಹಿಡಿದಿದೆ. ನಮ್ಮ ಮನೆಗೆ ಬಂದವರೆಲ್ಲ ಹೊರಟುಹೋದರು, ದೊಡ್ಡಮ್ಮ ಮಾತ್ರ ಉಳಿದಿದ್ದಾರೆ. ಯುಗಾದಿಯವರೆಗೆ ಇರುವುದಾಗಿ ತಾವೇ ಹೇಳಿದ್ದಾರೆ. ಪ್ರತಿ ಸಲ ಜಾತ್ರೆಯ ಮೂರನೆಯ ದಿನವೇ ತೋಟ, ಕೊಟ್ಟಿಗೆ ಎಂದು ಓಡುತ್ತಿದ್ದವರು ಈ ಸಲ ಹಾಗೆ ಹೇಳಿದಾಗ ನಾನು ಕಾರಣ ಕೇಳಲಿಲ್ಲ. ದೀಪಾವಳಿ ಕಳೆದ ಮೇಲೆ ದೊಡ್ಡಪ್ಪ ತೀರಿಕೊಂಡ ಆ ಮನೆಗೆ ಅವಸರದಿಂದ ಹಿಂದಿರುಗಬೇಕೆಂದು ಯಾರಿಗೆ ತಾನೆ ಅನಿಸೀತು?

ಬರೆಯಲು ಕುಳಿತದ್ದು ಸಂಜೆಯ ಮಾತಿಗಾಗಿ. ಅದಕ್ಕೆ ಮೊದಲು ಜಾತ್ರೆಯ ಶನಿವಾರದ ಸಂಗತಿಯನ್ನು ಹೇಳಬೇಕು.

ಅಂದು ದೊಡ್ಡಮ್ಮ ಬೆಳಗಿನ ಜಾವವೇ ಎದ್ದು ಅಮ್ಮನಿಗೆ, ಅಂದರೆ ಮಾರಿಕಾಂಬೆಗೆ, ತುಂಬುವ ಉಡಿಯ ತಟ್ಟೆಯನ್ನು ಸಿದ್ಧಮಾಡಿದ್ದರು. ಅಕ್ಕಿ, ಸಿಪ್ಪೆ ತೆಗೆದು ಜುಟ್ಟು ಉಳಿಸಿದ ತೆಂಗಿನಕಾಯಿ, ಅರಿಶಿನದ ಕೊಂಬು, ಉತ್ತತ್ತಿ, ಎಲೆ, ತೋಟದ್ದೇ ಅಡಿಕೆ, ಹಸಿರು ಬಳೆ, ಎಲ್ಲದರ ಮೇಲೆ ಮಡಿಸಿಟ್ಟ ಹಸಿರು ರವಿಕೆಕಣ. ಕೆಂಪು ಅಂಚಿನ ಆ ಕಣವನ್ನು ದೊಡ್ಡಪ್ಪ ಹಿಂದಿನ ಮಳೆಗಾಲದಲ್ಲೇ ತಂದಿಟ್ಟಿದ್ದರಂತೆ. ಜಾತ್ರೆ ಹತ್ತಿರ ಬಂದರೆ ಪೇಟೆಯಲ್ಲಿ ದರ ಏರುತ್ತದೆ ಎನ್ನುವುದು ಅವರ ಕಾಯಂ ವಾದ. ಮಡಿಕೆ ಬಿಚ್ಚಿ, ಅಂಗೈಯಿಂದ ತೀಡಿ, ಮತ್ತೆ ಮಡಿಸಿ, ಅಂಚು ಮೇಲಕ್ಕೆ ಕಾಣುವಂತೆ ಇಡಲು ದೊಡ್ಡಮ್ಮ ತೆಗೆದುಕೊಂಡ ಸಮಯದಲ್ಲಿ ನಾನು ಸ್ನಾನ ಮುಗಿಸಿ ಸೀರೆ ಉಟ್ಟಾಗಿತ್ತು. ಇಬ್ಬರೂ ಹೊರಡುವುದೆಂದು ನಾನು ಭಾವಿಸಿದ್ದೆ. ಬಾಗಿಲಲ್ಲಿ ಅವರು ತಟ್ಟೆಯನ್ನು ನನ್ನ ಕೈಗಿಟ್ಟು, "ನೀನೇ ತುಂಬಿ ಬಾ ತಂಗಿ, ನಾನು ಅನ್ನಕ್ಕೆ ಇಡುತ್ತೇನೆ" ಎಂದರು. ಕೈಯಲ್ಲಿ ಬಳೆಯಿರಲಿಲ್ಲ, ಹಣೆಯಲ್ಲಿ ಕುಂಕುಮವಿರಲಿಲ್ಲ. ಮನೆ ತುಂಬ ಜನರಿದ್ದರು. ನಾನು ಹೋದೆ.

ಗದ್ದುಗೆಯ ಮೇಲಿನ ಅಮ್ಮನನ್ನು ಕಂಡವರಿಗೆ ವರ್ಣನೆ ಬೇಕಿಲ್ಲ. ಗುಡಿಯೊಳಗಿನ ಅರೆಬೆಳಕಿನಲ್ಲಿ ನಿತ್ಯ ನೋಡುವ ಮುಖ ಬೇರೆ, ಜಾತ್ರೆಗೆಂದು ಹೊಸ ಬಣ್ಣ ಪಡೆದು ಬಯಲಿನ ಬೆಳಕಿನಲ್ಲಿ ಕುಳಿತ ಏಳು ಅಡಿಯ ಮರದ ಮೂರ್ತಿಯ ಮುಖ ಬೇರೆ. ಅಷ್ಟು ಹತ್ತಿರ ನಿಂತಾಗ ಆ ಕಣ್ಣುಗಳನ್ನು ಎರಡನೆಯ ಬಾರಿ ನೋಡುವ ಧೈರ್ಯ ನನಗೆ ಬರುವುದಿಲ್ಲ. ನೂಕುನುಗ್ಗಲಿನಲ್ಲಿ ತಟ್ಟೆ ನೀಡಿ, ಹೆಸರು ಹೇಳಿ, ತಿರುಗಿ ಕೊಟ್ಟ ಉಡಿಯಕ್ಕಿಯನ್ನು ಸೆರಗಿಗೆ ಕಟ್ಟಿಕೊಂಡು ಬಂದೆ. ದೊಡ್ಡಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದರು. ಅಂದು ಮತ್ತೇನೂ ಮಾತಾಗಲಿಲ್ಲ.

ಇಂದು ಸಂಜೆ ಆ ಅಕ್ಕಿಯನ್ನು ಆರಿಸುತ್ತ ಜಗುಲಿಯಲ್ಲಿ ಕುಳಿತಿದ್ದಾಗ ಅವರು ಕೇಳಿದರು: "ಅಮ್ಮನ ಹತ್ತಿರ ಯಾರ ಹೆಸರು ಹೇಳಿದೆ?"

"ನಿನ್ನ ಹೆಸರನ್ನೇ ಹೇಳಿದೆ."

"ಅರ್ಚಕರು ಏನಾದರೂ ಕೇಳಿದರೋ?"

"ಆ ಗದ್ದಲದಲ್ಲಿ ಕೇಳುವುದಕ್ಕೆ ಅವರಿಗೆ ಪುರುಸೊತ್ತೆಲ್ಲಿ?"

ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಸಿಕ್ಕ ಭತ್ತದ ಕಾಳುಗಳನ್ನು ಹೆಕ್ಕಿ ಪಕ್ಕಕ್ಕಿಟ್ಟರು. ಆಮೇಲೆ, ಅಡಿಗೆಗೆ ಉಪ್ಪು ಸಾಕೇ ಎಂದು ಕೇಳುವಷ್ಟೇ ಸಹಜವಾಗಿ, "ಮಂಗಳವಾರ ರಾತ್ರಿ ಅವಳಿಗೆ ಮದುವೆ, ಮರುವಾರದ ಬುಧವಾರ ಚಪ್ಪರಕ್ಕೆ ಬೆಂಕಿ. ಎರಡು ವರ್ಷಕ್ಕೊಮ್ಮೆ ಊರೆಲ್ಲ ಕೂಡಿ ಅವಳ ಮದುವೆ ಮಾಡುತ್ತೀರಿ, ಊರೆಲ್ಲ ಕೂಡಿ ಅವಳ ಸಂಸಾರ ಮುಗಿಸುತ್ತೀರಿ. ಯುಗಾದಿಗೆ ಮತ್ತೆ ಗುಡಿಯಲ್ಲಿ ಕೂರಿಸಿ ಹಸಿರು ಬಳೆ ತೊಡಿಸಿ ಉಡಿ ತುಂಬುತ್ತೀರಿ. ಅವಳನ್ನು ಯಾರೂ ಒಳಗೆ ಕೂರು ಅನ್ನಲಿಲ್ಲವಲ್ಲ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಶನಿವಾರ ಅವರನ್ನು ಯಾರೂ ತಡೆದಿರಲಿಲ್ಲ ಎಂದು ಹೇಳಬಹುದಿತ್ತು. ಸಾಲಿನಲ್ಲಿ ನಿಂತವಳ ಕೈಯಲ್ಲಿ ಬಳೆಯಿದೆಯೇ ಎಂದು ನೋಡುವವರು ಅಲ್ಲಿ ಇರುವುದಿಲ್ಲ ಎನ್ನುವುದೂ ನಿಜ. ಆದರೆ ತಡೆಯುವವರು ಯಾವಾಗಲೂ ಸಾಲಿನಲ್ಲಿ ಇರುವುದಿಲ್ಲ. ಮನೆ ತುಂಬಿದ ನೆಂಟರ ನಡುವೆ ಒಬ್ಬಳು ತಾನಾಗಿ ಒಳಗೆ ಉಳಿದಾಗ "ಅಯ್ಯೋ, ನೀವೂ ಬನ್ನಿ" ಎಂದು ಯಾರೂ ಕರೆಯದಿದ್ದರೆ ಅಷ್ಟೇ ಸಾಕಾಗುತ್ತದೆ.

ದೊಡ್ಡಮ್ಮ ಹೇಳಿದ ಕತೆ ನಾವೆಲ್ಲ ಬಲ್ಲ ಕತೆಯೇ. ಜಾತಿಯನ್ನು ಮರೆಮಾಚಿ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದವನು, ಎಷ್ಟೋ ಕಾಲದ ಮೇಲೆ ಗುಟ್ಟು ತಿಳಿದಾಗ ಅವಳಲ್ಲಿ ಎದ್ದ ಕೋಪ, ಬೆಂಕಿ ಬಿದ್ದ ಗುಡಿಸಲು, ಕೋಣನಾಗಿ ಬಲಿಯಾದ ಗಂಡ. ಮಾರಿಯ ಕತೆಯನ್ನು ಕರ್ನಾಟಕದ ಎಷ್ಟೋ ಊರುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಹೀಗೆಯೇ ಹೇಳುತ್ತಾರೆ. ನನಗೆ ಈ ಕತೆ ಎಂದೂ ಸಲೀಸಾಗಿ ಗಂಟಲಿನಲ್ಲಿ ಇಳಿದಿಲ್ಲ. ಕತೆಯಲ್ಲಿ ಸುಟ್ಟುಹೋಗುವವನು ಯಾರು, ಅವನನ್ನು ಸುಡುವುದು ನ್ಯಾಯವೆಂದು ಹೇಳಿಕೊಂಡು ಬಂದವರು ಯಾರು ಎಂದು ಯೋಚಿಸಿದರೆ, ಜಾತ್ರೆಯ ಕೊನೆಯ ದಿನ ಆ ಗುಡಿಸಲಿನ ಗುರುತಾದ ಮಾತಂಗಿ ಚಪ್ಪರ ಹೊತ್ತಿ ಉರಿಯುವುದನ್ನು ನಿಂತು ನೋಡಲು ಮನಸ್ಸು ಬರುವುದಿಲ್ಲ. ಅದೇ ಜಾತ್ರೆಯಲ್ಲಿ ದಲಿತ ಹಾಡುಗಾರರಾದ ಅಸಾದಿಗಳ ಹಾಡಿಲ್ಲದೆ ಅಮ್ಮ ಕದಲುವುದಿಲ್ಲ ಎನ್ನುವುದೂ ಸರಿ. ಮರ ಕಡಿದು ತೇರು ಕಟ್ಟುವ ಬಡಿಗರಿಂದ ಹಿಡಿದು ಕುಂಬಾರ, ಕಮ್ಮಾರ, ಮೇಟಿ, ಜೋಗತಿಯರವರೆಗೆ ಜಾತ್ರೆಯ ಒಂದೊಂದು ಕೆಲಸದ ಹಕ್ಕುಳ್ಳ ಬಾಬುದಾರರಲ್ಲಿ ಒಬ್ಬರು ಬಾರದಿದ್ದರೂ ಆ ಹೊತ್ತಿನ ಶಾಸ್ತ್ರ ನಿಲ್ಲುತ್ತದೆ. ಪೂಜೆ ಮಾಡುವವರೂ ವಿಶ್ವಕರ್ಮರೇ ಹೊರತು ನಮ್ಮವರಲ್ಲ. ಇದನ್ನು ಹೊರಗಿನವರಿಗೆ ಹೇಳುವಾಗ ನಾವು "ಎಲ್ಲ ಜಾತಿಯವರೂ ಕೂಡಿ ಮಾಡುವ ಹಬ್ಬ" ಎಂದು ಹೆಮ್ಮೆಪಡುತ್ತೇವೆ. ಸುಳ್ಳಲ್ಲ. ಆದರೆ ಯಾರು ಯಾವ ಕೆಲಸಕ್ಕೆ ಎಂಬುದನ್ನು ಹುಟ್ಟಿನಿಂದಲೇ ಹಂಚಿಟ್ಟ ಕೂಡುವಿಕೆ ಅದು ಎನ್ನುವ ಮಾತನ್ನು ಆ ವಾಕ್ಯದೊಳಗೆ ಸೇರಿಸುವುದಿಲ್ಲ.

ಗುಡಿ ಕಟ್ಟಿದ್ದು 1688ರಲ್ಲಿ ಎನ್ನುತ್ತಾರೆ, ಸೋದೆ ಅರಸರ ಕಾಲ. ಹಾನಗಲ್ಲಿನ ಕಡೆಯಿಂದ ಕಳ್ಳರು ಅಮ್ಮನ ಪೆಟ್ಟಿಗೆಯನ್ನು ಹೊತ್ತು ತಂದು, ಒಡವೆಯನ್ನಷ್ಟೇ ಹಂಚಿಕೊಂಡು, ಮೂರ್ತಿಯನ್ನು ಕೆರೆಗೆ ಎಸೆದರಂತೆ. ಕಳ್ಳರಿಗೆ ಬೇಡವಾಗಿ ಉಳಿದದ್ದನ್ನು ಊರು ಎತ್ತಿ ತಂದು ತಾಯಿಯೆಂದು ಕೂರಿಸಿತು. ಆ ಕೆರೆ ಇಂದಿಗೂ ದೇವಿಕೆರೆ. ಚಿಕ್ಕಂದಿನಲ್ಲಿ ದೊಡ್ಡಮ್ಮನ ಕೈಹಿಡಿದು ಪ್ರಾಂಗಣದಲ್ಲಿ ಸುತ್ತುವಾಗ ಗೋಡೆಯ ಕಾವಿ ಚಿತ್ರಗಳನ್ನು ಒಂದೊಂದಾಗಿ ತೋರಿಸಿ ಅವರು ಈ ಕತೆ ಹೇಳುತ್ತಿದ್ದರು. ಬಿಳಿಯ ಗೋಡೆಯ ಮೇಲಿನ ಆ ಕೆಮ್ಮಣ್ಣಿನ ಗೆರೆಗಳಲ್ಲಿ ಕಳ್ಳರ ಚಿತ್ರ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ, "ಅವರು ಓಡಿಹೋದರಲ್ಲ, ಇನ್ನೆಲ್ಲಿ ಸಿಗುತ್ತಾರೆ" ಎನ್ನುತ್ತಿದ್ದರು.

ಪ್ರಶ್ನೆಯನ್ನು ಹಾಗೆಯೇ ಬಿಡಲಾಗದೆ, ಸಂಪ್ರದಾಯ ಬದಲಾಗದೇ ಇರುವುದೇನಲ್ಲ ಎಂದು ನಾನೇ ಆರಂಭಿಸಿದೆ. ಈ ಗುಡಿಯಲ್ಲಿ ಕೋಣನ ಬಲಿ ತಪ್ಪದೆ ನಡೆಯುತ್ತಿದ್ದ ಕಾಲವೊಂದಿತ್ತು. ಗಾಂಧೀಜಿ 1934ರ ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದರು. ಆ ವರ್ಷಗಳಲ್ಲಿಯೇ ಊರಿನವರು ಬಲಿಯನ್ನು ನಿಲ್ಲಿಸಿದರು. ಅಮ್ಮ ಮುನಿದು ಊರನ್ನು ನಾಶಮಾಡುತ್ತಾಳೆ ಎಂದವರು ಆಗಲೂ ಇದ್ದಿರಲೇಬೇಕು, ಏನೂ ಆಗಲಿಲ್ಲ. ಜಾತ್ರೆ ಇನ್ನಷ್ಟು ದೊಡ್ಡದಾಯಿತು. ಇಷ್ಟು ಹೇಳಿ, ಒಳ್ಳೆಯ ವಾದ ಮಂಡಿಸಿದ ತೃಪ್ತಿಯಲ್ಲಿ ಅವರ ಮುಖ ನೋಡಿದೆ.

"ಕೋಣಕ್ಕಾಗಿ ಗಾಂಧಿ ಬಂದ. ನನಗಾಗಿ ಯಾರು ಬರುತ್ತಾರೆ, ನಿನ್ನ ಅಣ್ಣನೋ?"

ಇಬ್ಬರೂ ಜೋರಾಗಿ ನಕ್ಕೆವು. ಪಕ್ಕದ ಮನೆಯವರು ಇಣುಕಿ ನೋಡಿದರು. ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ನಗುವಿನ ಬೆನ್ನಿಗೇ ಕರೆಂಟು ಹೋಯಿತು. ಜಾತ್ರೆಯ ಒಂಬತ್ತೂ ದಿನ ಊರಿಡೀ ಝಗಝಗಿಸಿದ್ದಕ್ಕೆ ಇನ್ನು ಸೇಡು ತೀರಿಸಿಕೊಳ್ಳುತ್ತಾರೆ. ಬೇಸಿಗೆ ಬೇರೆ, ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಬುಧವಾರ ಹುಲುಸು ಪ್ರಸಾದಕ್ಕಾಗಿ ರೈತರು ಮುಗಿಬಿದ್ದು, ಹಿಡಿಯಷ್ಟು ಸಿಕ್ಕಿದ್ದನ್ನು ಗದ್ದೆಗೆ ಚೆಲ್ಲಲು ಒಯ್ದಿದ್ದಾರೆ. ಮಳೆಯೊಂದು ಸಕಾಲಕ್ಕೆ ಬಂದರೆ ಅದರ ಹೆಸರು ಉಳಿಯುತ್ತದೆ. ಹಿತ್ತಿಲಿನ ಬಾವಿ ತಳ ಕಾಣುತ್ತಿದೆ ಎಂದು ನಾನು ಹೇಳಿದ್ದಕ್ಕೆ ದೊಡ್ಡಮ್ಮ, ತಮ್ಮ ತೋಟದ ಕೆರೆಯೂ ಅಷ್ಟೇ ಎಂದು ಕತ್ತಲಲ್ಲಿ ಅಡಿಕೆಯ ಲೆಕ್ಕಕ್ಕೆ ಇಳಿದರು. ತೋಟವನ್ನು ಯಾರಿಗಾದರೂ ಗುತ್ತಿಗೆಗೆ ಕೊಟ್ಟು ಬೆಂಗಳೂರಿಗೆ ಬಂದುಬಿಡು ಎಂದು ಅಣ್ಣ ಒತ್ತಾಯಿಸುತ್ತಿದ್ದಾನಂತೆ. "ಅಲ್ಲಿ ಅಮ್ಮ ಎಲ್ಲಿದ್ದಾಳೆ?" ಎಂದು ಕೇಳಿದರಂತೆ. ಅಲ್ಲಿಯೂ ಬೇಕಾದಷ್ಟು ಗುಡಿಗಳಿವೆ ಎಂದನಂತೆ ಅವನು. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ಮಗಳ ಮದುವೆಯಾದದ್ದು ಯಾವ ಜಾತ್ರೆಯ ಹಿಂದಿನ ವರ್ಷ, ಮೊಮ್ಮಗ ನಡೆದದ್ದು ಯಾವ ಜಾತ್ರೆಯಲ್ಲಿ, ಮನೆಗೆ ಹಂಚು ಹೊದಿಸಿದ್ದು ಯಾವ ಜಾತ್ರೆಗೆ ಎಂದು ಲೆಕ್ಕವಿಡುವ ಹೆಂಗಸಿಗೆ ಬೇರೆ ಗುಡಿಯ ದೇವರು ಎಷ್ಟು ದೊಡ್ಡವರಾದರೇನು, ತನ್ನ ವಯಸ್ಸು ಗೊತ್ತಿಲ್ಲದವರೇ ಅಲ್ಲವೇ? ಜಾತ್ರೆಗೆ ಮುನ್ನ ಗುಡಿಗೆ ಅಂಕೆ, ಅಂದರೆ ಕಟ್ಟುಪಾಡು, ಹಾಕಿದರೆ ಊರಿನಲ್ಲಿ ಮದುವೆ-ಮುಂಜಿಗಳು ನಿಲ್ಲುತ್ತವೆ, ಜಾತ್ರೆಯೆಂದರೆ ಸುಣ್ಣಬಣ್ಣವಾಗುತ್ತದೆ, ಕೊಟ್ಟ ಮನೆಯಿಂದ ಹೆಣ್ಣುಮಕ್ಕಳು ಬರುತ್ತಾರೆ, ನಾಟಕದ ಕಂಪನಿಗಳು ಡೇರೆ ಹಾಕುತ್ತವೆ. ಪಂಚಾಂಗ ನೋಡದೆ ಬದುಕುವವರೂ ಶಿರಸಿಯಲ್ಲಿ ಜಾತ್ರೆಯನ್ನು ಬಿಟ್ಟು ಲೆಕ್ಕ ಹಾಕಲಾರರು.

ಈಗ ಗರ್ಭಗುಡಿಯಲ್ಲಿ ಅಮ್ಮನಿಲ್ಲ. ಮೂರ್ತಿಯ ಅಂಗಾಂಗಗಳನ್ನು ಬೇರ್ಪಡಿಸಿ ಇರಿಸಿದ್ದಾರೆ. ಶುಕ್ರವಾರವಾದರೂ ದೊಡ್ಡಮ್ಮ ಇಂದು ಗುಡಿಯ ಮಾತೆತ್ತದಿದ್ದುದಕ್ಕೆ ಅದೇ ಕಾರಣವೆಂದು ಬೆಳಿಗ್ಗೆ ನಾನಂದುಕೊಂಡಿದ್ದೆ. ಕರೆಂಟು ಬಂದ ಮೇಲೆ, ಆರಿಸಿದ ಅಕ್ಕಿಯನ್ನು ಡಬ್ಬಿಗೆ ಸುರಿಯುತ್ತ ಅವರು ಹೇಳಿದರು: "ಈ ದಿನಗಳಲ್ಲಿ ಅವಳೂ ಒಳಗೇ ಇದ್ದಾಳೆ, ನಾನೂ ಒಳಗೇ ಇದ್ದೇನೆ. ಯುಗಾದಿಯ ದಿನ ಅವಳು ಹೊರಗೆ ಬರುತ್ತಾಳಲ್ಲ, ಅಂದು ನಾನೇ ಹೋಗಿ ಉಡಿ ತುಂಬುತ್ತೇನೆ. ನೀನು ತಟ್ಟೆ ಹಿಡಿಯುವುದು ಬೇಡ, ಜೊತೆಗೆ ಬಂದರೆ ಸಾಕು."

ಅಣ್ಣನಿಗೆ ಹೇಳಬೇಕೇ ಎಂದು ಕೇಳಿದೆ. ಅವನಿಗೇಕೆ, ಅವನೇನು ಬಾಬುದಾರನೇ ಎಂದರು. ಆದರೂ ಯುಗಾದಿಗೆ ಅವನು ಮಕ್ಕಳನ್ನು ಕರೆದುಕೊಂಡು ಬರುವವನಿದ್ದಾನೆ, ಅತ್ತಿಗೆಯ ತಾಯಿಯೂ ಬರಬಹುದು. ಅವರು ಒಂದು ಮಾತು ಆಡಿದರೆ ದೊಡ್ಡಮ್ಮ ಮತ್ತೆ ಅನ್ನಕ್ಕೆ ಇಡುತ್ತೇನೆ ಎಂದು ಒಳಗೆ ಹೋಗಿಬಿಡುತ್ತಾರೇನೋ ಎಂಬ ಹೆದರಿಕೆ ನನಗೆ. ಎಲ್ಲರೂ ಏಳುವ ಮೊದಲೇ ಹೊರಟುಬಿಡುವುದು ಲೇಸೇ, ಅಥವಾ ಎಲ್ಲರೂ ನೋಡುತ್ತಿರುವಾಗಲೇ ಅವರು ತಟ್ಟೆ ಹಿಡಿದು ಮೆಟ್ಟಿಲಿಳಿಯಬೇಕೇ? ಕದ್ದು ಹೋದಂತಾದರೆ ಹೋದದ್ದೇಕೆ ಎನ್ನುವವರು ಅವರೇ. ಏಪ್ರಿಲ್ 9ಕ್ಕೆ ಇನ್ನೂ ಸಮಯವಿದೆ. ದೊಡ್ಡಪ್ಪ ತಂದಿಟ್ಟಿದ್ದ ಕಣ ಒಂದೇ ಇತ್ತು, ಅದು ಶನಿವಾರವೇ ಅಮ್ಮನಿಗೆ ಸಂದಿತು. ಇನ್ನೊಂದನ್ನು ನಾಳೆ ಪೇಟೆಯಲ್ಲಿ ನೋಡಬೇಕು, ಜಾತ್ರೆ ಮುಗಿದದ್ದರಿಂದ ದರವೂ ಇಳಿದಿರುತ್ತದೆ, ಹಸಿರೇ ಆಗಬೇಕೋ ಅಥವಾ ಬೇರೆ ಬಣ್ಣವೂ ಆದೀತೋ.