ಟೋರ್ಕ್ಸಿಯಲ್ಲಿ ನೀರು ಏರುವುದನ್ನು ಕಾಯುತ್ತಾ

ಇಂಗ್ಲೆಂಡಿನ ಟ್ರೆಂಟ್ ನದಿಯಲ್ಲಿ ಕ್ರಾಮ್‌ವೆಲ್ ಲಾಕ್ (ಗೇಟು ಹಾಕಿ, ನೀರು ಏರಿಸಿ ಇಳಿಸಿ ಬೋಟು ದಾಟಿಸುವ ತೊಟ್ಟಿ) ದಾಟಿದರೆ ಮುಂದೆ ಎಲ್ಲ ಉಬ್ಬರ ಇಳಿತದ್ದೇ ದರ್ಬಾರು. ಅಲ್ಲಿಂದ ಟೋರ್ಕ್ಸಿ ಅನ್ನುವ ಹಳ್ಳಿಗೆ ಸುಮಾರು 16 ಮೈಲಿ. ಇಳಿತದ ಜೊತೆಗೇ ಹೊರಟೆವು. ಬೋಟು ನಾಟಿಂಗ್‌ಹ್ಯಾಮ್‌ನಲ್ಲಿರುವ ಗೆಳೆಯನದು. ಅಗಲ ಬರೀ 2 ಮೀಟರಿನ ಆಸುಪಾಸು, ಉದ್ದ ಮಾತ್ರ ರೈಲು ಡಬ್ಬಿಯಷ್ಟು.

ಟೋರ್ಕ್ಸಿಯಲ್ಲಿ ಬಲಕ್ಕೆ ಒಂದು ಸಣ್ಣ ಕವಲು, ಅದರ ಕೊನೆಗೆ ಲಾಕ್, ಅದನ್ನು ದಾಟಿದರೆ ಲಿಂಕನ್‌ಗೆ ಹೋಗುವ ಫಾಸ್‌ಡೈಕ್ ಕಾಲುವೆ. ರೋಮನ್ನರು ತೋಡಿಸಿದ್ದು ಅಂತಾರೆ. ಹಾಗಂತ ಕಂಡ ಕೂಡಲೇ ಬಲಕ್ಕೆ ತಿರುಗಿಸುವಂತಿಲ್ಲ. ನದಿಯಲ್ಲಿ ನೀರು ಓಡುತ್ತಿರುತ್ತದೆ, ಕವಲಿನಲ್ಲಿ ನಿಂತಿರುತ್ತದೆ, ಮೂತಿ ಒಳಗೆ ಹೋಗಿ ಹಿಂಭಾಗ ಹೊರಗೇ ಉಳಿದರೆ ಬೋಟು ಗಿರ್ರನೆ ಸುತ್ತುತ್ತದೆ. ಗೆಳೆಯ ಸ್ವಲ್ಪ ಮುಂದಕ್ಕೇ ಹೋಗಿ, ತಿರುಗಿ, ಹರಿವಿಗೆ ಎದುರಾಗಿ ನಿಧಾನಕ್ಕೆ ಬಂದು ಒಳಗೆ ನುಗ್ಗಿಸಿದ.

ಲಾಕ್‌ನವರಿಗೆ ಫೋನ್ ಮಾಡಿದರೆ, ಗೇಟಿನ ಹೊಸ್ತಿಲ ಮೇಲೆ ಇನ್ನೂ ನೀರು ಸಾಲದು, ಪಾಂಟೂನ್‌ಗೆ ಕಟ್ಟಿಕೊಂಡು ಕಾಯಿರಿ ಅಂದರು. ಪಾಂಟೂನ್ ಅಂದರೆ ತೇಲುವ ಜಟ್ಟಿ, ಬೋಟು ಕಟ್ಟುವ ಅಟ್ಟಣೆ. ಪಕ್ಕದಲ್ಲಿ ಎತ್ತರದ ಕಬ್ಬಿಣದ ಕಂಬಗಳು, ಜಟ್ಟಿ ಅವುಗಳಿಗೆ ಬಳೆ ಹಾಕಿಕೊಂಡು ನೀರಿನ ಜೊತೆ ಮೇಲೆ ಕೆಳಗೆ ಜಾರುತ್ತಿರುತ್ತದೆ.

ನಾನು ಕುಂದಾಪುರದವನು. ಹೊಳೆಯಲ್ಲಿ ಭರತ ಇಳಿತ ನೋಡಿಯೇ ಬೆಳೆದವನು. ಅದೇ ಹಮ್ಮಿನಲ್ಲಿ ಮುಂದಿನ ಹಗ್ಗ ಹಿಡಿದು ಹಾರಿ, ಗಟ್ಟಿಮುಟ್ಟಾಗಿ ಕಂಡ ಕಂಬಕ್ಕೇ ಎರಡು ಸುತ್ತು ಬಿಗಿದು ಗಂಟು ಹಾಕಿದೆ. ಟೀ ಕುಡಿಯುತ್ತಾ ಕೂತಾಗ ಏನೋ ಕಿರ್ರ್ ಅಂತ ಸದ್ದು. ನೋಡಿದರೆ ಹಗ್ಗ ತಂತಿಯಂತಾಗಿದೆ, ಬೋಟಿನ ಮೂತಿ ಒಂದು ಬದಿಗೆ ವಾಲಿದೆ. ಉಬ್ಬರ ಶುರುವಾಗಿತ್ತು! ಜಟ್ಟಿ ಏರುತ್ತಿದೆ, ಬೋಟು ಏರಬೇಕು, ಕಂಬ ಮಾತ್ರ ಇದ್ದಲ್ಲೇ ಇದೆ. ಗಂಟು ಎಳೆತಕ್ಕೆ ಕಲ್ಲಾಗಿತ್ತು.

"ಕಂಬ ನೀರಿನ ಜೊತೆ ಏರುತ್ತದಾ ಮಾರಾಯ? ಬಿಡು, ಕೈ ತೆಗಿ ಮೊದಲು!" ಅಂತ ಗೆಳೆಯ ಕೂಗಿ ಚಾಕು ತಂದು ಕೊಯ್ದೇ ಬಿಟ್ಟ. ಬೋಟು ಧಡ್ ಅಂತ ಎದ್ದು, ಟೀ ಪೂರ್ತಿ ನೆಲಕ್ಕೆ.

ಆಮೇಲೆ ಅವನೇ ಕಟ್ಟಿದ. ಮುಂದೊಂದು, ಹಿಂದೊಂದು, ಎರಡೂ ಜಟ್ಟಿಯ ಮೇಲಿನ ಗೂಟಕ್ಕೆ ಹಾಯಿಸಿ ತುದಿಯನ್ನು ವಾಪಸ್ ಬೋಟಿಗೇ ತಂದ, ಬಿಡಬೇಕೆಂದರೆ ಕೆಳಗೆ ಇಳಿಯುವ ಕೆಲಸವೇ ಇಲ್ಲ. ಚಾವಣಿಯ ನಡುವಿನ ಹಗ್ಗವನ್ನು ಮಾತ್ರ ಕಟ್ಟಲಿಲ್ಲ. ಅದು ಅಷ್ಟು ಎತ್ತರದಿಂದ ಬರುತ್ತದಲ್ವಾ, ಪಕ್ಕದಲ್ಲಿ ಯಾರಾದರೂ ಜೋರಾಗಿ ಹೋದರೆ ಅದೇ ಬೋಟನ್ನು ವಾಲಿಸುತ್ತದಂತೆ.

ಗೇಟು ತೆರೆದಾಗ ಲಾಕ್ ಕೀಪರ್ ನಮ್ಮ ತುಂಡು ಹಗ್ಗ ನೋಡಿ ನಕ್ಕು, ಏನೂ ಕೇಳಲಿಲ್ಲ. ಉಳಿದರ್ಧ ಇನ್ನೂ ಆ ಕಂಬದಲ್ಲೇ ನೇತಾಡುತ್ತಿತ್ತು.