ನೀರು ಹರಿದಂತೆ ಜನ ನಡೆಯುವ ನಿಲ್ದಾಣ

ನಮ್ಮ ತಾತ ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನೀರುಗಂಟಿಯಾಗಿದ್ದರು. ವಿಶ್ವೇಶ್ವರಯ್ಯ ನಾಲೆಯ ಸರದಿ ನೀರನ್ನು ತೂಬು ತೆರೆದು ಗದ್ದೆಯಿಂದ ಗದ್ದೆಗೆ ಹಂಚುತ್ತಾ ಆಯುಷ್ಯ ಕಳೆದ ಅವರು, ಕಾಲುವೆಯನ್ನು ಎಂದೂ ಮೂಲೆ ಹಾಕಿ ತಿರುಗಿಸಬಾರದು, ಬಳಸಿ ತಿರುಗಿಸಬೇಕು, ಮೂಲೆ ಸಿಕ್ಕಿದ ಕಡೆ ನೀರು ಏರಿಯನ್ನು ಕೊರೆಯುತ್ತದೆ ಎಂದು ಹೇಳುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಮಗಳನ್ನು ನೋಡಲು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿದ್ದಾಗ, ಅಲ್ಲಿಂದ ಒಂದು ಗಂಟೆಯೊಳಗಿನ ಪ್ರಯಾಣದಲ್ಲಿ ಸಿಗುವ ವೀಮ್ಸ್ ಬೇ ಎಂಬ ಕಡಲತೀರದ ರೈಲು ನಿಲ್ದಾಣದಲ್ಲಿ ನನಗೆ ತಾತನ ಈ ಮಾತು ನೆನಪಾಯಿತು. ಮೈಸೂರಿಗೆ ಮರಳಿದ ಮೇಲೂ ಆ ನಿಲ್ದಾಣ ಮನಸ್ಸಿನಿಂದ ಹೋಗಿಲ್ಲವಾದ್ದರಿಂದ ಅದರ ಬಗ್ಗೆ ಬರೆಯುತ್ತಿದ್ದೇನೆ.

ವೀಮ್ಸ್ ಬೇ ಗ್ಲಾಸ್ಗೋದಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಕ್ಲೈಡ್ ನದಿ ಅಗಲವಾಗುತ್ತಾ ಕಡಲೇ ಆಗಿಬಿಡುವ ಜಾಗದಲ್ಲಿದೆ. ಊರು ಬಹಳ ಚಿಕ್ಕದು, ನಿಲ್ದಾಣ ಮಾತ್ರ ದೊಡ್ಡದು. ಇಷ್ಟು ಸಣ್ಣ ಊರಿಗೆ ಗಡಿಯಾರ ಗೋಪುರ, ಗಾಜಿನ ಚಾವಣಿಗಳಿರುವ ಇಂಥ ನಿಲ್ದಾಣ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಎದುರಿನ ನೀರಿನಾಚೆ ಕಾಣುವ ಬ್ಯೂಟ್ ದ್ವೀಪದಲ್ಲಿದೆ. ಇಲ್ಲಿ ಹಳಿ ಮುಗಿಯುತ್ತದೆ, ಹಡಗು ಶುರುವಾಗುತ್ತದೆ. ಪ್ರಯಾಣಿಕರಲ್ಲಿ ಬಹುಪಾಲು ಜನ ಊರಿಗೆ ಬಂದವರಾಗಿರದೆ, ದ್ವೀಪದ ರೋಥ್‌ಸೇ ಪಟ್ಟಣಕ್ಕೆ ಹೊರಟವರಾಗಿರುತ್ತಿದ್ದರು.

ಮೊದಲ ನಿಲ್ದಾಣ ಪ್ರಾರಂಭವಾದದ್ದು 1865ರ ಮೇ 15ರಂದು. ನಮ್ಮಲ್ಲಿ ಬೆಂಗಳೂರು ದಂಡಿಗೆ ರೈಲು ಬಂದದ್ದು ಅದರ ಹಿಂದಿನ ವರ್ಷ. ಅಲ್ಲಿಂದ ಹಳಿ ಮಂಡ್ಯವನ್ನು ದಾಟಿ ಮೈಸೂರನ್ನು ತಲಪಲು 1882ರವರೆಗೆ ಕಾಯಬೇಕಾಯಿತು. ಗ್ರೀನಾಕ್ ಮತ್ತು ವೀಮ್ಸ್ ಬೇ ರೈಲ್ವೆ ಎಂಬ ಸಣ್ಣ ಕಂಪನಿ ಪೋರ್ಟ್ ಗ್ಲಾಸ್ಗೋದಿಂದ ಗುಡ್ಡ ಹತ್ತಿಳಿಯುವ ಈ ಕವಲು ಮಾರ್ಗವನ್ನು ಹಾಕಿತು, ಅದರ ಮೇಲೆ ರೈಲು ಓಡಿಸುವ ಹೊಣೆಯನ್ನು ಕ್ಯಾಲಿಡೋನಿಯನ್ ರೈಲ್ವೆ ಹೊತ್ತುಕೊಂಡಿತು, ಕೊನೆಗೆ 1893ರಲ್ಲಿ ಚಿಕ್ಕ ಕಂಪನಿ ದೊಡ್ಡದರಲ್ಲಿ ಸೇರಿಹೋಯಿತು. ಆ ಕಾಲದ ಗ್ಲಾಸ್ಗೋ ಎಂದರೆ ಹಡಗುಕಟ್ಟೆಗಳ, ಎರಕದ ಕಾರ್ಖಾನೆಗಳ, ಹೊಗೆಯ ನಗರ. ವರ್ಷಕ್ಕೊಮ್ಮೆ ಜುಲೈ ತಿಂಗಳ ಉತ್ತರಾರ್ಧದಲ್ಲಿ ‘ಗ್ಲಾಸ್ಗೋ ಫೇರ್’ ಎಂಬ ರಜೆಗೆ ಕಾರ್ಖಾನೆಗಳು ಒಟ್ಟಿಗೇ ಬಾಗಿಲು ಹಾಕಿದಾಗ, ದುಡಿಯುವ ಮಂದಿ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಕಡಲ ಗಾಳಿಗೆಂದು ಹೊರಡುತ್ತಿದ್ದರು. ನದಿಯಗುಂಟ ಹೀಗೆ ಹೋಗುವುದಕ್ಕೆ ಅವರ ಆಡುಮಾತಿನಲ್ಲಿ ‘ಡೂನ್ ದ ವಾಟರ್’, ಅಂದರೆ ನೀರಗುಂಟ ಕೆಳಕ್ಕೆ, ಎಂಬ ಹೆಸರೇ ಇದೆ.

ಈ ಜನರಿಗಾಗಿ ರೈಲು ಕಂಪನಿಗಳ ನಡುವೆ ಭಾರಿ ಪೈಪೋಟಿ ನಡೆಯಿತು. ಒಂದು ಕಂಪನಿ ಗ್ರೀನಾಕ್‌ನಲ್ಲಿ ಹಡಗುಕಟ್ಟೆ ಮಾಡಿಕೊಂಡರೆ, ಇನ್ನೊಂದು 1882ರಲ್ಲಿ ಎದುರು ದಡದ ಕ್ರೇಗೆಂಡೋರನ್‌ನಲ್ಲಿ ಮಾಡಿಕೊಂಡಿತು; ಕ್ಯಾಲಿಡೋನಿಯನ್ ಕಂಪನಿ 1889ರಲ್ಲಿ ಗೂರಾಕ್‌ವರೆಗೆ ಹಳಿ ಎಳೆದು, ತನ್ನದೇ ಹಡಗುಗಳನ್ನೂ ನೀರಿಗಿಳಿಸಿತು. ರೈಲಿನಿಂದ ಇಳಿದು ಹಡಗು ಹತ್ತುವಲ್ಲಿ ಉಳಿಯುವ ನಿಮಿಷಗಳೇ ಆಗ ವ್ಯಾಪಾರವಾಗಿತ್ತು.

ಹಾಗಾಗಿಯೇ ಹಳೆಯ ಇಕ್ಕಟ್ಟಾದ ನಿಲ್ದಾಣವನ್ನು ಕೆಡವಿ, 1903ರಲ್ಲಿ ಈಗಿರುವುದನ್ನು ಕಟ್ಟಿದರು. ವಾಸ್ತುಶಿಲ್ಪಿ ಜೇಮ್ಸ್ ಮಿಲ್ಲರ್, ಎಂಜಿನಿಯರ್ ಡೊನಾಲ್ಡ್ ಮ್ಯಾಥೆಸನ್. ಇದೇ ಮ್ಯಾಥೆಸನ್ ಆ ವರ್ಷಗಳಲ್ಲಿ ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದ ವಿಸ್ತರಣೆಯನ್ನೂ ಮಾಡುತ್ತಿದ್ದರು. ಜನಸಂದಣಿ ಹರಿಯುವ ನೀರಿನಂತೆ ಹರಡಿಕೊಂಡು, ತಡೆ ಕಡಿಮೆಯಿರುವ ಕಡೆಗೆ ತಾನೇ ದಾರಿ ಮಾಡಿಕೊಳ್ಳುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಆದ್ದರಿಂದ ಅವರ ನಿಲ್ದಾಣಗಳಲ್ಲಿ ಜನ ನಡೆಯುವ ಜಾಗದಲ್ಲಿ ಚೂಪಾದ ಮೂಲೆಗಳಿಲ್ಲ, ಗೋಡೆಗಳು ಬಾಗಿವೆ. ನಮ್ಮ ತಾತ ಓದುಬರಹ ಅಷ್ಟಾಗಿ ಬಲ್ಲವರಲ್ಲ. ಅವರು ಗುದ್ದಲಿಯಿಂದ ತಿಳಿದುಕೊಂಡದ್ದನ್ನೇ ಈ ಎಂಜಿನಿಯರ್ ನಕ್ಷೆಯಲ್ಲಿ ಬರೆದಿದ್ದಾರೆ ಎಂದು ನನಗೆ ಬಹಳ ಸಂತೋಷವಾಯಿತು.

ಒಳಗೆ ಕಾಲಿಟ್ಟರೆ ನಡುವೆ ದುಂಡಗಿನ ಟಿಕೆಟ್ ಕಚೇರಿ. ಅದರ ನೆತ್ತಿಯಿಂದ ಉಕ್ಕಿನ ಪಕ್ಕೆಲುಬುಗಳು ನಾಲ್ಕೂ ದಿಕ್ಕಿಗೆ ಬಾಗಿ ಹರಡಿ, ದೊಡ್ಡದೊಂದು ಕೊಡೆ ಬಿಚ್ಚಿದಂತೆ ಗಾಜಿನ ಚಾವಣಿಯನ್ನು ಹೊತ್ತಿವೆ. ಮೋಡ ಸರಿದು ಬಿಸಿಲು ಬಂದಾಗ ಆ ಪಕ್ಕೆಲುಬುಗಳ ನೆರಳು ನೆಲದ ಮೇಲೆ ರಂಗೋಲಿಯ ಎಳೆಗಳಂತೆ ಬಿದ್ದು, ಟಿಕೆಟ್ ಕಿಟಕಿಯ ಬಳಿ ನಿಂತವರ ಹೆಗಲ ಮೇಲೂ ಗೆರೆ ಎಳೆಯುತ್ತಿತ್ತು. ನನಗೆ ಅಲ್ಲಿ ಮೈಸೂರು ಅರಮನೆಯ ಕಲ್ಯಾಣ ಮಂಟಪ ಕಣ್ಣಮುಂದೆ ಬಂತು. ಅದಕ್ಕೆ ಕಾರಣವೂ ಇದೆ: ಮಂಟಪದ ಎರಕದ ಕಬ್ಬಿಣದ ಕಂಬಗಳು ತಯಾರಾದದ್ದು ಗ್ಲಾಸ್ಗೋದಲ್ಲೇ, ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸನ್ ಎರಕಶಾಲೆಯಲ್ಲಿ. ನಮ್ಮ ಅರಮನೆಯ ಕೆಲಸ ನಡೆದದ್ದು 1897ರಿಂದ 1912ರವರೆಗೆ; ವೀಮ್ಸ್ ಬೇ ನಿಲ್ದಾಣ ಎದ್ದದ್ದೂ ಅದೇ ಅವಧಿಯಲ್ಲಿ.

ಆದರೆ ನನಗೆ ಚಾವಣಿಗಿಂತಲೂ ಮುಖ್ಯವಾಗಿ ಕಂಡದ್ದು ಅಲ್ಲಿಂದ ಹಡಗುಕಟ್ಟೆಗೆ ಇಳಿಯುವ ದಾರಿ. ಮೇಲೆ ಗಾಜಿನ ಹೊದಿಕೆ, ಪಕ್ಕಗಳಲ್ಲಿ ಕಿಟಕಿಗಳ ಸಾಲು. ಅಗಲವಾದ ಆ ದಾರಿ ಒಂದೂ ಮೆಟ್ಟಿಲಿಲ್ಲದೆ, ನಾಲೆ ತಿರುಗುವಂತೆ ನಿಧಾನವಾಗಿ ಬಾಗುತ್ತಾ ಇಳಿಜಾರಾಗಿ ಕಡಲಿನತ್ತ ಹೋಗುತ್ತದೆ. ರಜೆಯ ದಿನ ರೈಲು ತುಂಬ ಬಂದ ಜನ ಒಬ್ಬರ ಮೇಲೊಬ್ಬರು ಬೀಳದೆ, ಮಳೆಯಲ್ಲಿ ನೆನೆಯದೆ, ಯಾರನ್ನೂ ದಾರಿ ಕೇಳದೆ ಹಡಗನ್ನು ಸೇರಬೇಕೆಂದು ಯೋಚಿಸಿ ಕಟ್ಟಿದ ದಾರಿ ಅದು.

ನನ್ನ ಜೊತೆ ಎಪ್ಪತ್ತೆಂಟು ವರ್ಷದ ಅಮ್ಮ ಇದ್ದರು. ಅವರಿಗೆ ಮಂಡಿನೋವು. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ನಿಲ್ದಾಣದಲ್ಲಿ, ರೈಲು ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೊನೆಯ ಗಳಿಗೆಯಲ್ಲಿ ಹೇಳಿದಾಗ, ಮೇಲ್ಸೇತುವೆಯ ಮೆಟ್ಟಿಲು ಹತ್ತಲಾರದೆ ಅವರು ನಡುವೆಯೇ ಕುಳಿತುಬಿಟ್ಟಿದ್ದರು. ರೈಲು ನಮ್ಮ ಕಣ್ಣೆದುರೇ ಹೊರಟುಹೋಗಿತ್ತು. ಅಂದಿನಿಂದ ನಿಲ್ದಾಣ ಎಂದರೆ ಅವರಿಗೆ ಅಂಜಿಕೆ. ವೀಮ್ಸ್ ಬೇಯಲ್ಲಿ ಕೈ ಹಿಡಿಯಲು ಹೋದ ನನ್ನನ್ನು ತಡೆದು, ಕೋಲೂರಿಕೊಂಡು, ಕಿಟಕಿಯಾಚೆಯ ನೀರನ್ನು ನೋಡುತ್ತಾ ತಾವೇ ನಡೆದರು. ಹಡಗುಕಟ್ಟೆ ತಲಪಿದ ಮೇಲೆ ತಿರುಗಿ ನೋಡಿ, “ಇಳಿದಿದ್ದು ಕಾಲಿಗೆ ಗೊತ್ತೇ ಆಗ್ಲಿಲ್ಲ ಕಣಪ್ಪ” ಎಂದರು.

ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಜನ ಕಾರು ಕೊಂಡರು, ವಿಮಾನ ಹತ್ತಿ ಬಿಸಿಲಿರುವ ದೇಶಗಳಿಗೆ ಹೋದರು. ಕ್ಲೈಡ್ ತೀರದ ರಜೆಗಳು ಬಡವಾದವು. 1967ರಲ್ಲಿ ಮಾರ್ಗಕ್ಕೆ ವಿದ್ಯುತ್ ಬಂತು, ಆದರೆ ಜೋಡಿ ಹಳಿಯಿದ್ದ ಕಡೆ ಬಹುತೇಕ ಒಂಟಿ ಹಳಿ ಉಳಿಯಿತು. ಇಂಥ ಕಾಲದಲ್ಲಿ ಗಾಜು, ಉಕ್ಕಿನ ಹಳೆಯ ಕಟ್ಟಡವನ್ನು ತುಕ್ಕಿಗೆ ಬಿಟ್ಟುಬಿಡುವುದು ಸುಲಭವಿತ್ತು. ಅದು ಸ್ಕಾಟ್ಲೆಂಡಿನ ಅತ್ಯುನ್ನತ ‘ಎ’ ವರ್ಗದ ಸಂರಕ್ಷಿತ ಕಟ್ಟಡವಾಗಿರುವುದೂ, 2014ರಿಂದ 2016ರವರೆಗೆ ದೊಡ್ಡ ಪ್ರಮಾಣದ ದುರಸ್ತಿ ಕಂಡದ್ದೂ ಸಮಾಧಾನದ ವಿಷಯ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡಬಂದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದನ್ನು ನೋಡಿದ ನಮಗೆ ಇಂಥ ಕೆಲಸದ ಬೆಲೆ ತಿಳಿಯುತ್ತದೆ. ವೀಮ್ಸ್ ಬೇಯಲ್ಲಿ ಊರವರದೇ ಒಂದು ಸ್ವಯಂಸೇವಕರ ಬಳಗ 2009ರಿಂದ ನಿಲ್ದಾಣವನ್ನು ನೋಡಿಕೊಳ್ಳುತ್ತಿದೆ. ಹೂವಿನ ಬುಟ್ಟಿಗಳಿಗೆ ನೀರು ಹಾಕುವವರು ಅವರೇ, ಅಲ್ಲಿನ ಹಳೆಯ ಪುಸ್ತಕಗಳ ಅಂಗಡಿ ನಡೆಸುವವರೂ ಅವರೇ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಗ್ಲಾಸ್ಗೋ ಸೆಂಟ್ರಲ್‌ನಿಂದ ಸಾಮಾನ್ಯವಾಗಿ ಗಂಟೆಗೊಂದು ರೈಲಿದೆ. ಓಡಿಸುವುದು ಸ್ಕಾಟ್‌ರೈಲ್, 2022ರ ಏಪ್ರಿಲ್‌ನಿಂದ ಅದು ಸ್ಕಾಟ್ಲೆಂಡ್ ಸರ್ಕಾರದ ಒಡೆತನದಲ್ಲಿದೆ. ಪೋರ್ಟ್ ಗ್ಲಾಸ್ಗೋದ ನಂತರ ರೈಲು ಗುಡ್ಡದ ಕಡೆ ಹೊರಳುತ್ತದೆ. ರೋಥ್‌ಸೇಗೆ ಕ್ಯಾಲಿಡೋನಿಯನ್ ಮ್ಯಾಕ್‌ಬ್ರೇನ್ ಸಂಸ್ಥೆಯ ಹಡಗು 35 ನಿಮಿಷದಲ್ಲಿ ಮುಟ್ಟಿಸುತ್ತದೆ, ರೈಲಿಗೂ ಹಡಗಿಗೂ ಸೇರಿ ಒಂದೇ ಟಿಕೆಟ್ ಕೊಳ್ಳಬಹುದು. ಗಾಳಿ ಜೋರಾದರೆ ಹಡಗು ನಿಲ್ಲುವುದುಂಟು, ಆದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ರೋಥ್‌ಸೇಯಲ್ಲಿ ದುಂಡನೆಯ ಗೋಡೆಯ ಹಳೆಯ ಕೋಟೆಯೊಂದಿದೆ, ನೋಡಿ ಬನ್ನಿ.

ನಾವು ಸಂಜೆಯ ಹಡಗಿನಲ್ಲಿ ಮರಳಿದೆವು. ಸೈಕಲ್ ತಳ್ಳುವವರು, ಮಗುವಿನ ಗಾಡಿ ತಳ್ಳುವ ತಾಯಂದಿರು, ಸಂತೆ ಚೀಲ ಹೊತ್ತ ದ್ವೀಪದವರು ಎಲ್ಲರೂ ಒಟ್ಟಿಗೇ ಆ ಬಾಗಿದ ದಾರಿಯನ್ನು ಏರುತ್ತಿದ್ದರು, ಯಾರೂ ಯಾರಿಗೂ ತಾಗುತ್ತಿರಲಿಲ್ಲ. ಮೇಲೆ ರೈಲು ಬಾಗಿಲು ತೆರೆದು ನಿಂತಿತ್ತು. ಅಮ್ಮ ಅವರೆಲ್ಲರ ನಡುವೆ ನನಗಿಂತ ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದರು.